ಹೊಸ ಕಾರು ಬೇಕಾ ಅಂದ್ರೆ, ಬೇಕು

ಪ್ರಧಾನಿಗೋ ಮುಖ್ಯಮಂತ್ರಿಗೋ ಹೊಸ ಕಾರು ಅಂದ ಕೂಡಲೇ ನಮ್ಮ ಮಡಿಕೇರಿಯ ಚಹಾ ಅಂಗಡಿಗಳಲ್ಲಿ ಒಂದೇ ಮಾತು: ‘ನಮ್ಮ ರಸ್ತೆಗೆ ದುಡ್ಡಿಲ್ಲ, ಇವರಿಗೆ ಕಾರು ಬೇರೆ!’ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಗುಂಡಿ ತಪ್ಪಿಸಿಕೊಂಡು ಓಡಾಡೋರಿಗೆ ಆ ಸಿಟ್ಟು ಬರದೆ ಇರುತ್ತಾ?

ಆದರೂ ನಾನು ಹೊಸ ಕಾರಿನ ಪರ. ಇಂಥವರು ಓಡಾಡುವ ಗುಂಡು ನಿರೋಧಕ ಕಾರಿನ ಗಾಜು ಒಂದೇ ಹಾಳೆಯಲ್ಲ, ಪದರದ ಮೇಲೆ ಪದರ. ವರ್ಷ ಕಳೆದಂತೆ ಅಂಚಿನಲ್ಲಿ ಪದರ ಬಿಟ್ಟುಕೊಂಡು ಗುಳ್ಳೆ ಏಳುತ್ತೆ, ಮಬ್ಬಾಗುತ್ತೆ. ಉಕ್ಕು ತುಂಬಿದ ಬಾಗಿಲಿನ ಭಾರಕ್ಕೆ ಕೀಲು ಸಡಿಲವಾಗುತ್ತೆ, ಬ್ರೇಕು, ಸಸ್ಪೆನ್ಷನ್ ಬೇಗ ಸವೆಯುತ್ತೆ. ಭಾರ ಬ್ರೇಕಿಗೆ ಏನು ಮಾಡುತ್ತೆ ಅಂತ ಸಂಪಾಜೆ ಘಾಟಿ ಇಳಿಸುವ ಯಾವ ಲಾರಿ ಡ್ರೈವರಣ್ಣನನ್ನು ಬೇಕಾದ್ರೂ ಕೇಳಿ.

ಹಿಂದೆಲ್ಲ ಸರಕಾರ ಅಂದ್ರೆ ಬಿಳಿ ಅಂಬಾಸಿಡರ್. 2001ರಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ, ವಾಜಪೇಯಿಯವರ ಕಾಲದಲ್ಲೇ ಪ್ರಧಾನಿಗೆ ಗುಂಡು ನಿರೋಧಕ ಬಿಎಂಡಬ್ಲ್ಯು ಬಂತು. 2014ಕ್ಕೆ ಅಂಬಾಸಿಡರ್ ತಯಾರಿಕೆಯೇ ನಿಂತುಹೋಯ್ತು. (ಮುಂದಿನ ಉದ್ದ ಸೀಟಲ್ಲಿ ಮೂರು ಜನ ಕೂರುವ ಸುಖ ಈಗಿನ ಯಾವ ಕಾರಲ್ಲಿದೆ ಹೇಳಿ!) 15 ವರ್ಷ ದಾಟಿದ ಸರಕಾರಿ ವಾಹನದ ನೋಂದಣಿ ನವೀಕರಿಸಬಾರದು ಅಂತ 2023ರ ಏಪ್ರಿಲ್‌ನಿಂದ ಕೇಂದ್ರದ ನಿಯಮವೂ ಇದೆ.

ಅಂದಹಾಗೆ, ಪ್ರತ್ಯೇಕ ರಾಜ್ಯವಾಗಿದ್ದಾಗ ನಮ್ಮ ಪುಟ್ಟ ಕೊಡಗಿಗೂ 1952ರಿಂದ 1956ರವರೆಗೆ ಸ್ವಂತ ಮುಖ್ಯಮಂತ್ರಿ ಇದ್ದರು, ಸಿ.ಎಂ. ಪೂಣಚ್ಚ. ಈಗಿನವರು ಬೆಂಗಳೂರಿಂದ ಬರಬೇಕು, ಹಿಂದೊಂದು ಸಾಲು ವಾಹನ ಸಮೇತ.

ನನ್ನ ತಕರಾರು ಆ ಸಾಲಿನ ಬಗ್ಗೆ. ಕಾರು ಹೊಸದೇ ತಗೊಳ್ಳಲಿ, ಜನರಲ್ ತಿಮ್ಮಯ್ಯ ವೃತ್ತದಲ್ಲಿ ನಮ್ಮನ್ನು ಅರ್ಧ ಗಂಟೆ ಮಳೆಯಲ್ಲಿ ನಿಲ್ಲಿಸದಿದ್ರೆ ಸಾಕು.