ತೋಟದ ಪುಸ್ತಕ, ಎರೆ ಮಣ್ಣಿನ ಓದುಗ

ತೋಟದ ಪುಸ್ತಕ ಕೊಳ್ಳುವ ಮುಂಚೆ ಬರೆದವರ ಊರು ಯಾವುದು ಅಂತ ನೋಡಿ. ಬೆಲೆ, ಬಣ್ಣದ ಚಿತ್ರ ಎಲ್ಲ ಆಮೇಲೆ. ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ವರ್ಷದ ಮಳೆ ಸುಮಾರು 600 ಮಿ.ಮೀ., ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ಮಣ್ಣು ಒಂದು ಕಡೆ ಎರೆ (ಕಪ್ಪು ಮಣ್ಣು), ಇನ್ನೊಂದು ಕಡೆ ಮಸಾರಿ (ಕೆಂಪು ಮಣ್ಣು). ಇದನ್ನು ತಲೆಯಲ್ಲಿಟ್ಟುಕೊಂಡು ಓದಿದರೆ ಇಂಗ್ಲೆಂಡಿನ ಪುಸ್ತಕವೂ ಕೆಲಸಕ್ಕೆ ಬರುತ್ತದೆ. ಮರೆತು ಓದಿದರೆ ಅಚ್ಚ ಕನ್ನಡದ ಪುಸ್ತಕವೇ ಗಿಡ ಒಣಗಿಸುತ್ತದೆ.

ಸುಣ್ಣದ ಮಾತನ್ನೇ ತಗೊಳ್ಳಿ. ಇಂಗ್ಲೆಂಡಿನ ಪುಸ್ತಕದಲ್ಲೂ ಮಲೆನಾಡಿನ ಪುಸ್ತಕದಲ್ಲೂ ‘ಮಣ್ಣಿಗೆ ಸುಣ್ಣ ಕೊಡಿ, ಒಲೆ ಬೂದಿ ಹಾಕಿ’ ಎಂಬ ಸಲಹೆ ಸಿಗುತ್ತದೆ. ಅಲ್ಲಿ ಅದು ಸರಿ. ಮಳೆ ಹೆಚ್ಚಾಗಿ ಮಣ್ಣಿನ ಸುಣ್ಣವೆಲ್ಲ ತೊಳೆದು ಹೋಗಿ ಮಣ್ಣು ಹುಳಿಯಾಗಿರುತ್ತದೆ. ನಮ್ಮ ಎರೆಯಲ್ಲಿ ಸುಣ್ಣದ ಹರಳು ಮೊದಲೇ ತುಂಬಿದೆ, ರಸಸಾರ (ಪಿಎಚ್) ಬಹಳ ಕಡೆ 8ರ ಮೇಲೆಯೇ. ಅನುಮಾನವಿದ್ದರೆ ಒಣಗಿದ ಮಣ್ಣಿನ ಹೆಂಟೆ ಮೇಲೆ ನಾಲ್ಕು ಹನಿ ನಿಂಬೆರಸ ಬಿಡಿ. ನೊರೆ ಎದ್ದರೆ ಸುಣ್ಣ ಸಾಕಷ್ಟಿದೆ ಅಂತ ಅರ್ಥ, ಬೂದಿಯೂ ಬೇಡ. ಅದರ ಮೇಲೆ ಮತ್ತೆ ಸುಣ್ಣ ಸುರಿದರೆ ಕಬ್ಬಿಣ ಗಿಡಕ್ಕೆ ದಕ್ಕುವುದಿಲ್ಲ. ದಾಸವಾಳ, ಗುಲಾಬಿಯ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ‘ಹಳದಿ ಎಲೆ ಎಂದರೆ ಸಾರಜನಕದ ಕೊರತೆ’ ಎಂದು ಪುಸ್ತಕದಲ್ಲಿ ಓದಿದವರು ಆಗ ಯೂರಿಯಾ ಹಾಕುತ್ತಾರೆ. ಆದರೆ ಸಾರಜನಕ ಕಡಿಮೆಯಾದಾಗ ಮೊದಲು ಹಳದಿಯಾಗುವುದು ಬುಡದ ಹಳೆ ಎಲೆ. ಚಿಗುರು ಹಳದಿಯಾದರೆ ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಬೇಕು. ಬುಡಕ್ಕೆ ಹಾಕಿದರೆ ನಮ್ಮ ಮಣ್ಣು ಅದನ್ನು ಹಿಡಿದಿಟ್ಟುಬಿಡುತ್ತದೆ.

ಬಿಸಿಲಿನ ಲೆಕ್ಕವೂ ಹೀಗೆಯೇ. ತಂಪು ದೇಶದ ಪುಸ್ತಕ ‘ದಿನಕ್ಕೆ ಆರು ತಾಸು ನೇರ ಬಿಸಿಲು’ ಎಂದರೆ ಬೇಸಿಗೆಯಲ್ಲಿ ನಾವು ಬೆಳಗ್ಗೆ 11ರವರೆಗಿನ ಬಿಸಿಲು ಎಂದು ಓದಿಕೊಳ್ಳಬೇಕು. ಆಮೇಲಿನದಕ್ಕೆ ಶೇ 50ರ ನೆರಳು ಪರದೆ ಬೇಕು. ಹಗಲು 35 ಡಿಗ್ರಿ ದಾಟಿದರೆ ಟೊಮೆಟೊ ಪರಾಗ ಕೆಟ್ಟು ಹೂವು ಕಾಯಿ ಕಚ್ಚದೆ ಉದುರುತ್ತದೆ. ‘ವರ್ಷವಿಡೀ ಬೆಳೆಯಬಹುದು’ ಎನ್ನುವ ಸಾಲನ್ನು ಗೀಟು ಹೊಡೆದುಬಿಡಿ. ಬಿತ್ತನೆಯನ್ನು ‘ಕೊನೆಯ ಹಿಮ ಬೀಳುವ ಆರು ವಾರ ಮುಂಚೆ’ ಎಂದು ಹೇಳುವ ಪುಸ್ತಕ ಸಿಕ್ಕರೆ ನಮ್ಮ ಮಳೆ ನಕ್ಷತ್ರಗಳ ಪಟ್ಟಿ ಪಕ್ಕಕ್ಕಿಟ್ಟುಕೊಳ್ಳಿ. ಅವರ ಜೂನ್–ಜುಲೈನ ಕ್ಯಾರೆಟ್, ಎಲೆಕೋಸು ನಮಗೆ ನವೆಂಬರಿನಿಂದ ಜನವರಿವರೆಗಿನ ಬೆಳೆ. ಉತ್ತರಿ ಮಳೆ ಮುಗಿದು ಹಸ್ತ ಹಿಡಿಯುವಾಗ, ಅಂದರೆ ಸೆಪ್ಟೆಂಬರ್ ಕೊನೆಗೆ, ಮಡಿ ಮಾಡಿಕೊಂಡರೆ ಸರಿ. ಬೆಂಡೆ, ಚವಳಿಗೆ ಮಿರಗ, ಅಂದರೆ ಜೂನಿನ ಮೃಗಶಿರ ಮಳೆ.

ಕತೆ–ಕಾದಂಬರಿ ಓದಿದರೆ ತೋಟಕ್ಕೇನು ಲಾಭ ಎನ್ನುವವರಿಗೆ 1911ರ ‘ದ ಸೀಕ್ರೆಟ್ ಗಾರ್ಡನ್’ ಸಾಕು. ಫ್ರಾನ್ಸಿಸ್ ಹಾಜ್‌ಸನ್ ಬರ್ನೆಟ್ ಬರೆದ ಈ ಮಕ್ಕಳ ಕಾದಂಬರಿ ನಡೆಯುವುದು ಯಾರ್ಕ್‌ಶೈರಿನ ಚಳಿಯಲ್ಲಿ, ಹತ್ತು ವರ್ಷ ಬೀಗ ಹಾಕಿದ ತೋಟದಲ್ಲಿ. ಅದರಲ್ಲಿ ಬರುವ ಗಡ್ಡೆ ಹೂಗಳನ್ನು ನೋಡಿ ಆಸೆಪಟ್ಟು ಡ್ಯಾಫೊಡಿಲ್, ಟ್ಯುಲಿಪ್ ತರಿಸಬೇಡಿ. ಆ ಗಡ್ಡೆಗಳಿಗೆ ವಾರಗಟ್ಟಲೆ ಚಳಿ ಬೇಕು, ಇಲ್ಲಿ ಎಲೆ ಬಿಟ್ಟು ಮುಗಿಯುತ್ತವೆ. ಸತ್ತ ನೆಲದಿಂದ ಹಸಿರು ಮೊನೆ ಏಳುವ ಆ ಸೊಗಸು ಬೇಕಿದ್ದರೆ ಮಳೆ ಲಿಲ್ಲಿ ನೆಡಿ, ಸುಗಂಧರಾಜ ನೆಡಿ. ಅದೇ ಪುಸ್ತಕದಲ್ಲಿ ಡಿಕನ್ ಎಂಬ ಹುಡುಗ ಒಣಗಿದಂತಿದ್ದ ಗುಲಾಬಿ ಟೊಂಗೆಯನ್ನು ಚಾಕುವಿನಿಂದ ಕೊಯ್ದು ಒಳಗಿನ ಹಸಿರು ತೋರಿಸುತ್ತಾನಲ್ಲ, ಆ ಪುಟ ಮಾತ್ರ ಯಾರ್ಕ್‌ಶೈರಿಗಿಂತ ನಮಗೇ ಹೆಚ್ಚು ಬೇಕು. ಮೇ ಕೊನೆಗೆ ಮಲ್ಲಿಗೆ, ಗುಲಾಬಿ ಕಟ್ಟಿಗೆಯಂತೆ ನಿಂತಿರುತ್ತವೆ. ಟೊಂಗೆಯ ತುದಿಯಿಂದ ಕೆಳಗೆ ನಾಲ್ಕು ಬೆರಳಿಗೊಮ್ಮೆ ಉಗುರಿನಿಂದ ತೊಗಟೆ ಕೆರೆಯಿರಿ. ಕಂದು ಪುಡಿ ಉದುರಿದರೆ ಅಲ್ಲಿಯವರೆಗೆ ಸತ್ತಿದೆ. ತೇವದ ಹಸಿರು ಗೆರೆ ಕಂಡಲ್ಲಿ ನಿಲ್ಲಿಸಿ, ಅದಕ್ಕಿಂತ ಅರ್ಧ ಇಂಚು ಕೆಳಗೆ ಒಂದು ಕಣ್ಣಿನ (ಚಿಗುರೊಡೆಯುವ ಗಂಟಿನ) ಮೇಲೆ ಓರೆಯಾಗಿ ಕತ್ತರಿಸಿ. ಬುಡದವರೆಗೂ ಕಂದೇ ಇದ್ದರೂ ಗಿಡ ಕೀಳಬೇಡಿ, ಎರಡು ಒಳ್ಳೆ ಮಳೆ ಬೀಳಲಿ. ಕಸಿ ಗುಲಾಬಿಯಾದರೆ ಒಂದು ಎಚ್ಚರ: ಚಿಗುರು ಕಸಿಯ ಗಂಟಿನ ಕೆಳಗಿಂದ ಬಂದರೆ ಅದು ಕಾಡು ಗಿಡದ್ದು, ಚಿವುಟಿಹಾಕಿ.

ಪ್ರಾಗ್‌ನ ಲೇಖಕ ಕಾರೆಲ್ ಚಾಪೆಕ್ 1929ರಲ್ಲಿ ತಿಂಗಳಿಗೊಂದು ಅಧ್ಯಾಯದಂತೆ ‘ತೋಟಗಾರನ ವರ್ಷ’ ಎಂಬ ಪುಸ್ತಕ ಬರೆದ. ಅಣ್ಣ ಯೋಸೆಫ್ ಚಿತ್ರ ಬರೆದ. ಅದನ್ನು ಮೇ ತಿಂಗಳಲ್ಲಿ ಓದಬೇಕು, ಜನವರಿಯಲ್ಲಲ್ಲ. ಹೆಪ್ಪುಗಟ್ಟಿದ ನೆಲ ಎದುರಿಗೆ ಕೈಕಟ್ಟಿ ಕೂತ ಅವನ ಜನವರಿಯೇ, ಬಾಯಿಬಿಟ್ಟ ಎರೆ ಹೊಲದ ಎದುರು ಕೂತ ನಮ್ಮ ಮೇ. ನೀರಿನ ಪೈಪಿನ ಜೊತೆ ಅವನು ಕುಸ್ತಿ ಹಿಡಿಯುವ ಪುಟಗಳಿಗೆ ದೇಶ ಕಾಲ ಇಲ್ಲ. ನಡುರಾತ್ರಿಯಿಂದ ಮೂರು ಗಂಟೆವರೆಗೆ ಮಾತ್ರ ಮೆಲ್ಲಗೆ ಮಳೆ ಬರಲಿ ಎಂದು ಅವನ ತೋಟಗಾರ ಬೇಡಿಕೊಳ್ಳುತ್ತಾನೆ. ಡ್ರಿಪ್ ಪೈಪ್ ಹಾಕಿದವರಿಗೆ ಆ ವರ ಸಿಕ್ಕಂತೆಯೇ ಸರಿ!

ಇಷ್ಟು ದೂರ ಹೋಗದೆ ಹಂಪಿಯಲ್ಲೇ ನಿಲ್ಲಬಹುದು. ಹರಿಹರನ ಪುಷ್ಪರಗಳೆಯ ವಸ್ತುವೇ ಬೆಳಗಿನ ಜಾವ ಎದ್ದು ವಿರೂಪಾಕ್ಷನಿಗೆ ಹೂವು ಕೊಯ್ಯುವುದು. ಆ ಹೊತ್ತು ಬರೀ ಭಕ್ತಿಯದಲ್ಲ. ರಾತ್ರಿಯಿಡೀ ನೀರು ಕುಡಿದ ಗಿಡದ ಹೂವು ಬಿಸಿಲೇರುವ ಮುಂಚೆ ಕೊಯ್ದರೆ ಬಾಡದೆ ಹೆಚ್ಚು ಹೊತ್ತು ನಿಲ್ಲುತ್ತದೆ. ಅಲ್ಲಮನ ‘ತನುವ ತೋಂಟವ ಮಾಡಿ’ ವಚನ ಯೋಗದ ಮಾತು, ನಿಜ. ಆದರೂ ಕೆಲಸದ ಕ್ರಮ ನೋಡಿ: ಅಗೆದು ಬೇರು ಕಳೆಯುವುದು, ಹೆಂಟೆ ಒಡೆಯುವುದು, ಬಿತ್ತುವುದು, ಬಾವಿ ರಾಟಾಳದ ನೀರು, ಬಸವಗಳು ಹಾಳುಮಾಡದಂತೆ ಬೇಲಿ, ಕೊನೆಗೆ ನಿದ್ದೆಗೆಟ್ಟು ಕಾಯುವುದು. ಬೇರು ಮೊದಲು ಬಂದದ್ದು ಗಮನಿಸಿ. ಜೇಕನ್ನು ಮೇಲೆ ಮೇಲೆ ಕುರ್ಪಿಯಲ್ಲಿ ಕೆರೆದರೆ ಗಡ್ಡೆ ಒಳಗೇ ಉಳಿದು ವಾರದಲ್ಲಿ ಮತ್ತೆ ಏಳುತ್ತದೆ. ಹೆಂಟೆ ಒಡೆಯುವುದಕ್ಕೂ ಎರೆಯಲ್ಲಿ ಹದ ಇದೆ: ಹಸಿಯಿದ್ದರೆ ಸಲಿಕೆಗೆ ಮೆತ್ತುತ್ತದೆ, ಒಣಗಿದರೆ ಕಲ್ಲು. ಹಿಡಿ ಮಣ್ಣನ್ನು ಉಂಡೆ ಕಟ್ಟಿ ಎದೆಮಟ್ಟದಿಂದ ಬಿಟ್ಟಾಗ ಪುಡಿಯಾದರೆ ಅದೇ ಹೊತ್ತು.

ಹಳೆಯ ಶಾಸ್ತ್ರಗಳಲ್ಲಿ ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಅಧ್ಯಾಯ ಚಿಕ್ಕದು, ಓದಲೇಬೇಕಾದ್ದು. ಮರದಿಂದ ಮರಕ್ಕೆ 20 ಹಸ್ತ ಉತ್ತಮ, 16 ಮಧ್ಯಮ, 12 ಕನಿಷ್ಠ ಎನ್ನುತ್ತಾನೆ. ಹಸ್ತಕ್ಕೆ ಒಂದೂವರೆ ಅಡಿ ಹಿಡಿದರೆ 30, 24, 18 ಅಡಿ. ಈಗಲೂ ಮಾವಿಗೆ ಹೇಳುವ ಹಳೆ ಪದ್ಧತಿಯ ಅಂತರ 10 ಮೀಟರ್, ಅಂದರೆ 33 ಅಡಿ. ಬೇರುಗಳು ಒಂದಕ್ಕೊಂದು ಹೆಣೆದರೆ ಫಲ ಸರಿಯಾಗಿ ಬರುವುದಿಲ್ಲ ಎಂಬ ಕಾರಣವನ್ನೂ ಕೊಡುತ್ತಾನೆ. ಚಾಳುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯ ಕನ್ನಡದಲ್ಲೇ ಬರೆದ ‘ಲೋಕೋಪಕಾರ’ದಲ್ಲೂ ವೃಕ್ಷಾಯುರ್ವೇದ ಇದೆ. ಇಂಥ ಗ್ರಂಥಗಳಲ್ಲಿ ಬರುವ ಚಮತ್ಕಾರಗಳನ್ನು ಓದಿ ಖುಷಿಪಡಿ, ಪಾತಿಯಲ್ಲಿ ಮಾಡಲು ಹೋಗಬೇಡಿ.

ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳ ‘ಸುಧಾರಿತ ಬೇಸಾಯ ಕ್ರಮಗಳು’ ಕೈಪಿಡಿ ಓದಲು ನೀರಸ, ಉಪಯೋಗಕ್ಕೆ ಎಲ್ಲಕ್ಕಿಂತ ಮೇಲು. ಮೊದಲು ನಿಮ್ಮ ವಲಯ ಹುಡುಕಿ. ರಾಜ್ಯದ 10 ಕೃಷಿ ಹವಾಮಾನ ವಲಯಗಳಲ್ಲಿ ರಾಯಚೂರು, ಮಾನ್ವಿ, ದೇವದುರ್ಗ 2ನೆಯದರಲ್ಲಿವೆ. ಸಿಂಧನೂರು, ಲಿಂಗಸುಗೂರು, ಕೊಪ್ಪಳ, ಬಳ್ಳಾರಿ 3ನೆಯದರಲ್ಲಿ. ಲೆಕ್ಕವೆಲ್ಲ ಹೆಕ್ಟೇರಿನದು, ಹಿತ್ತಲಿನವರು ಎಡವುವುದು ಇಲ್ಲೇ. ಹೆಕ್ಟೇರಿಗೆ 25 ಟನ್ ತಿಪ್ಪೆ ಗೊಬ್ಬರ ಎಂದರೆ ಚದರ ಮೀಟರಿಗೆ ಎರಡೂವರೆ ಕೆಜಿ. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ಮಡಿಗೆ ಏಳೂವರೆ ಕೆಜಿ. ‘100 ಕೆಜಿ ಸಾರಜನಕ’ ಎಂದರೆ 100 ಕೆಜಿ ಯೂರಿಯಾ ಅಲ್ಲ. ಯೂರಿಯಾದಲ್ಲಿ ಸಾರಜನಕ ಶೇ 46 ಮಾತ್ರ, ಹಾಗಾಗಿ ಸುಮಾರು 217 ಕೆಜಿ. ಅದೇ ಮಡಿಗೆ 65 ಗ್ರಾಂ, ಅದನ್ನೂ ಕಂತಿನಲ್ಲಿ. ಕಣ್ಣಳತೆಯಲ್ಲಿ ಮುಷ್ಟಿ ಮುಷ್ಟಿ ಎರಚಿದರೆ ಎಳೆ ಸಸಿಯ ಬೇರು ಸುಡುತ್ತದೆ.

ಹಳೆ ಪುಸ್ತಕದ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕುವ ಕೈಪಿಡಿಗಳನ್ನು ಬಿಡಬೇಡಿ, ಆದರೆ ಅಚ್ಚಾದ ವರ್ಷ ನೋಡಿ. ಕಸಿ ಕಟ್ಟುವುದು, ಸವರುವುದು, ಮಡಿ ಮಾಡುವುದು ಐವತ್ತು ವರ್ಷ ಹಳೆಯದಾದರೂ ನಡೆಯುತ್ತದೆ. ಔಷಧಿ ಸಿಂಪಡಣೆಯ ಅಧ್ಯಾಯ ನಡೆಯುವುದಿಲ್ಲ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಅದಕ್ಕಿಂತ ಹಿಂದಿನ ಪುಸ್ತಕಗಳು ಅದನ್ನು ಧಾರಾಳವಾಗಿ ಹೇಳುತ್ತವೆ. ಆ ಪುಟಗಳಿಗೆ ಪಿನ್ನು ಹೊಡೆದಿಟ್ಟು, ಹುಳ ಬಿದ್ದಾಗ ಈಗಿನ ಕೈಪಿಡಿಯನ್ನೇ ತೆರೆಯಿರಿ.