ಶಿರಸಿಯಷ್ಟೇ ಎತ್ತರದ ಒಂದು ಬೆಟ್ಟ

ನಮ್ಮ ಶಿರಸಿ ಕಡೆ ಬೆಟ್ಟಕ್ಕೆ ಹೋಗುವುದು ಅಂದರೆ ಸೊಪ್ಪು ತರಲು, ದರಕು (ಉದುರಿದ ಒಣ ಎಲೆ) ಗುಡಿಸಲು. ಹಾಗಾಗಿ ಸ್ಕಾಟ್ಲೆಂಡಿನ ಇನ್ವರ್ನೆಸ್‌ನಿಂದ ಫೋನ್ ಮಾಡಿ, ಭಾನುವಾರ ಬೆಟ್ಟ ಹತ್ತಲು ಹೊರಟಿದ್ದೇವೆ ಅಂದಾಗ ಆಯಿ ಕೇಳಿದ್ದು ಸಹಜವೇ: "ಎಂತಕ್ಕೆ ತಮಾ, ಸುಮ್ನೆ ಬೆಟ್ಟ ಹತ್ತದು?" ಆಗ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಈಗ ಬರೆಯುತ್ತಿದ್ದೇನೆ.

ಬೆಟ್ಟದ ಹೆಸರು ಸ್ಟಾಕ್ ಪಾಲಿ. ಸ್ಕಾಟ್ಲೆಂಡಿನ ವಾಯವ್ಯ ಮೂಲೆಯಲ್ಲಿ, ಉಲ್ಲಾಪೂಲ್ ಎಂಬ ಕರಾವಳಿ ಊರಿನಿಂದ ಉತ್ತರಕ್ಕಿದೆ. ಇಲ್ಲಿ 3,000 ಅಡಿ ದಾಟಿದ ಬೆಟ್ಟಗಳಿಗೆ ಮನ್ರೋ ಅನ್ನುತ್ತಾರೆ. ಅಂಥವು 282 ಇವೆ, ಜನ ಪಟ್ಟಿ ಹಿಡಿದು ಒಂದೊಂದೇ ಹತ್ತುತ್ತಾರೆ. ಸ್ಟಾಕ್ ಪಾಲಿ ಆ ಪಟ್ಟಿಯಲ್ಲಿಲ್ಲ. ಎತ್ತರ ಬರೀ 612 ಮೀಟರ್. ನಮ್ಮ ಶಿರಸಿ ಪೇಟೆಯೇ ಹತ್ತಿರ ಹತ್ತಿರ ಅಷ್ಟು ಎತ್ತರದಲ್ಲಿದೆ! ಕುಮಟಾದಿಂದ ಬಸ್ಸಿನಲ್ಲಿ ಕೂತು, ದೇವಿಮನೆ ಘಾಟಿ ಹತ್ತಿ ನಾವು ಏರುವ ಎತ್ತರ ಅದು.

ಆದರೆ ಅದರ ನೆತ್ತಿ ನೋಡಬೇಕು. ಯಾಣದ ಬಂಡೆಗಳನ್ನು ಚಿಕ್ಕದು ಮಾಡಿ ಸಾಲಾಗಿ ನಿಲ್ಲಿಸಿದ ಹಾಗಿದೆ. ಯಾಣದ್ದು ಕಪ್ಪು ಸುಣ್ಣದ ಕಲ್ಲು, ಇದು ಕಂದು ಮರಳುಗಲ್ಲು, ಸುಮಾರು 100 ಕೋಟಿ ವರ್ಷ ಹಳೆಯದು. ಹಿಮಯುಗದಲ್ಲಿ ಸುತ್ತಲಿನ ನೆಲ ಹಿಮದಡಿ ಮುಳುಗಿದ್ದಾಗ ಈ ನೆತ್ತಿ ಮಾತ್ರ ಮೇಲೆ ಉಳಿದಿತ್ತಂತೆ. ಬಿರುಕಿನೊಳಗೆ ನೀರು ಹೆಪ್ಪುಗಟ್ಟಿ, ಹಿಗ್ಗಿ, ಕಲ್ಲು ಸೀಳಿ ಸೀಳಿ ಹೀಗೆ ಗೋಪುರಗಳಾಗಿವೆ.

ನನ್ನ ಜೊತೆ ಕುಮಟಾದ ಗೆಳೆಯನಿದ್ದ. ಲರ್ಗನ್ ಸರೋವರದ ದಂಡೆಯಿಂದ ಕಲ್ಲು ಹಾಸಿದ ದಾರಿ ಬೆಟ್ಟವನ್ನು ಬಳಸಿ ಹಿಂಬದಿಯಿಂದ ಅದರ ಬೆನ್ನಿನ ತಗ್ಗಿಗೆ ಏರುತ್ತದೆ. ಅಲ್ಲಿವರೆಗೆ ಕಷ್ಟವಿಲ್ಲ. ಹೆಚ್ಚಿನವರು ಅಲ್ಲೇ ಕೂತು, ಬುತ್ತಿ ತಿಂದು ಇಳಿಯುತ್ತಾರೆ. ನಿಜವಾದ ತುದಿ ಇರುವುದು ಪಶ್ಚಿಮದ ಕೊನೆಯಲ್ಲಿ. ಅಲ್ಲಿಗೆ ನಡೆದು ಹೋಗಲು ಆಗುವುದಿಲ್ಲ. ಕೈಯನ್ನೂ ಕಾಲಿನಂತೆ ಬಳಸಬೇಕು. ಇದಕ್ಕೆ ಸ್ಕ್ರಾಂಬ್ಲಿಂಗ್ ಅನ್ನುತ್ತಾರೆ.

ಎರಡು ಕೈ, ಎರಡು ಕಾಲಿನಲ್ಲಿ ಯಾವಾಗಲೂ ಮೂರು ಕಲ್ಲಿಗೆ ಅಂಟಿರಬೇಕು ಎಂಬುದು ಇದರ ಮೊದಲ ಪಾಠ. ಓದಿದಾಗ ನಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಯಲು ಬರುತ್ತಿದ್ದ ಕೊನೆಗೌಡರು ಕಣ್ಣ ಮುಂದೆ ಬಂದರು. ಅಡಿಕೆ ಮರದ ತುದಿಯಲ್ಲಿ ಒಂದು ಕೈ ಕತ್ತಿಗೆ ಹೋದರೆ ಉಳಿದ ಮೈಯೆಲ್ಲ ಮರವನ್ನು ಹಿಡಿದಿರುತ್ತಿತ್ತು. "ಹತ್ತೂಕೆ ಮುಂಚೆ ಇಳಿಯೂದು ನೋಡ್ಕಳಿ" ಅನ್ನುತ್ತಿದ್ದರು. ಬಾಲ್ಯದಲ್ಲಿ ಕೇಳಿದ ಆ ಮಾತನ್ನು ನಾನು ಇಷ್ಟು ವರ್ಷ ಮರೆತೇಬಿಟ್ಟಿದ್ದೆ.

ತುದಿಗೆ ಇನ್ನೇನು ಸ್ವಲ್ಪವೇ ದೂರ. ಅಡ್ಡಕ್ಕೆ ಆಳೆತ್ತರ ಮೀರಿದ ಒಂದು ಬಂಡೆ. ಎರಡೂ ಕಡೆ ಇಳಿಜಾರು ಕಾಣುವುದೇ ಇಲ್ಲ, ಬರೀ ಗಾಳಿ. ಇಲ್ಲಿನವರು ಇದಕ್ಕೆ ಕೆಟ್ಟ ಹೆಜ್ಜೆ ಅನ್ನುತ್ತಾರೆ. ಕೈಗೆ ಹಿಡಿ ಸಿಕ್ಕಿತು. ಒಂದು ಕಾಲೂ ಊರಿತು. ಹತ್ತಬಹುದಿತ್ತು ಅಂತ ಈಗಲೂ ಅನ್ನಿಸುತ್ತದೆ. ಆದರೆ ಕೆಳಗೆ ನೋಡಿದರೆ, ಇಳಿಯುವಾಗ ಕಾಲು ಎಲ್ಲಿಡಬೇಕು ಅಂತ ತೋಚಲಿಲ್ಲ. ಹಗ್ಗವೂ ಇರಲಿಲ್ಲ. ಗೆಳೆಯನ ಮುಖ ನೋಡಿದೆ. ಅವನು ಏನೂ ಹೇಳಲಿಲ್ಲ, ಆಗಲೇ ಹಿಂದಕ್ಕೆ ತಿರುಗಿದ್ದ.

ಮತ್ತೆ ಬೆನ್ನಿನ ತಗ್ಗಿಗೆ ಬಂದು ಕೂತೆವು. ಊರಿಂದ ಬಂದಿದ್ದ ಸಿಹಿ ತಿಂಡಿ ತೊಡೆದೇವು ಬಿಚ್ಚಿದೆವು. ಪಶ್ಚಿಮಕ್ಕೆ ಸಮುದ್ರ, ಅದರಲ್ಲಿ ಚದುರಿದ ಸಮ್ಮರ್ ಐಲ್ಸ್ ದ್ವೀಪಗಳು. "ಕಾರವಾರದಲ್ಲಿ ನಿಂತು ಕೂರ್ಮಗಡ, ದೇವಗಡ ನೋಡಿದ ಹಾಗೇ ಇದೆ, ಅಲ್ವಾ?" ಅಂದ ಗೆಳೆಯ. ನಾವಿಬ್ಬರೂ ತುಂಬಾ ಹೊತ್ತು ಆ ಕಡೆಯೇ ನೋಡುತ್ತಿದ್ದೆವು.