ಶೋಕೇಸಿನಲ್ಲಿ ಇಡಬಾರದ ಬಾಟಲಿಗಳು

ನಮ್ಮಲ್ಲಿ ಒಳ್ಳೆಯ ವಿಸ್ಕಿಯ ಬಾಟಲಿ ಮನೆಗೆ ಬಂದರೆ ಅದಕ್ಕೆ ಮೊದಲು ಸಿಗುವ ಸ್ಥಾನ ಹಜಾರದ ಶೋಕೇಸು. ವಿದೇಶದಿಂದ ಬಂದ ಭಾವನವರು ಡ್ಯೂಟಿ ಫ್ರೀಯಲ್ಲಿ ಕೊಂಡು ತಂದ ಒಂದು ಲೀಟರಿನ ಬಾಟಲಿ, ಮಕ್ಕಳು ಗೆದ್ದ ಕಪ್ಪುಗಳು ಮತ್ತು ಚನ್ನಪಟ್ಟಣದ ಗೊಂಬೆಗಳ ನಡುವೆ, ಕಿಟಕಿಯ ಬೆಳಕಿಗೆ ಮುಖಮಾಡಿ ವರ್ಷಗಟ್ಟಲೆ ನಿಂತಿರುತ್ತದೆ. ಬಿಸಿಲು ಬಿದ್ದಷ್ಟೂ ಮದ್ಯದ ಬಣ್ಣ ಮಾಸುತ್ತದೆ, ಪರಿಮಳ ಕೆಡುತ್ತದೆ. ಗಾಢ ಬಣ್ಣದ ಗಾಜು ಸ್ವಲ್ಪಮಟ್ಟಿಗೆ ಕಾಪಾಡೀತು, ಬಿಳಿ ಗಾಜಿನಿಂದ ಹೆಚ್ಚಿನ ರಕ್ಷಣೆಯಿಲ್ಲ. ಆದ್ದರಿಂದ ಬಾಟಲಿಯ ಜೊತೆ ಬಂದ ರಟ್ಟಿನ ಡಬ್ಬಿಯನ್ನು ಎಸೆಯದೆ, ಬಾಟಲಿಯನ್ನು ಅದರಲ್ಲೇ ಇಡುವುದು ಲೇಸು.

ಇಟ್ಟಷ್ಟೂ ರುಚಿ ಹೆಚ್ಚುತ್ತದೆ ಎಂಬ ನಂಬಿಕೆಯೂ ಬಹಳ ಜನರಲ್ಲಿದೆ. ವಿಸ್ಕಿ ಮಾಗುವುದು ಮರದ ಪೀಪಾಯಿಯಲ್ಲಿ ಮಾತ್ರ. 12 ವರ್ಷದ ವಿಸ್ಕಿಯನ್ನು ಬೀರುವಿನಲ್ಲಿ ಇನ್ನೂ ಹತ್ತು ವರ್ಷ ಇಟ್ಟರೂ ಅದು 12 ವರ್ಷದ ವಿಸ್ಕಿಯೇ. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾದರೆ, ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ಪೀಪಾಯಿಗಳಲ್ಲಿ ಶೇ. 10ರಿಂದ 12ರಷ್ಟು ಹೋಗುತ್ತದೆ. ಇಲ್ಲಿನ ವಿಸ್ಕಿ ಬೇಗ ಮಾಗುವುದಕ್ಕೂ ಈ ಸೆಕೆಯೇ ಕಾರಣ. ಆದರೆ ಪೀಪಾಯಿಗೆ ಒದಗಿಬರುವ ಸೆಕೆ ಬಾಟಲಿಗೆ ನಷ್ಟವನ್ನಷ್ಟೇ ತರುತ್ತದೆ: ಹಗಲಿನ ಬಿಸಿಗೆ ಒಳಗಿನ ಆವಿ ಹಿಗ್ಗಿ ಮುಚ್ಚಳವನ್ನು ಒತ್ತುತ್ತದೆ, ರಾತ್ರಿ ಅದು ಕುಗ್ಗಿದಾಗ ಹೊರಗಿನ ಗಾಳಿ ಒಳಸೇರುತ್ತದೆ.

ಬೆಂಗಳೂರಿನ ಮನೆಗಳಲ್ಲಿ ಒಳಗೋಡೆಗೆ ಅಂಟಿಕೊಂಡ ಬೀರುವಿನ ಕೆಳಗಿನ ಅಂಕಣ ಸಾಕು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಮನೆಯ ಅತ್ಯಂತ ತಂಪಾದ ಕೋಣೆಯನ್ನೇ ಹುಡುಕಬೇಕಾಗುತ್ತದೆ. ತಾರಸಿಯ ಕೆಳಗಿನ ಅಟ್ಟ, ಫ್ರಿಜ್ಜಿನ ತಲೆ, ಒಲೆಯ ಮೇಲಿನ ಕಪಾಟು ಈ ಮೂರೂ ಬೇಡ. ಶೇ. 40ರಷ್ಟು ಮದ್ಯಸಾರವಿರುವ ಮದ್ಯದ ಆವಿ ಸುಮಾರು 26 ಡಿಗ್ರಿಯಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. ದೇವರ ದೀಪದ ಪಕ್ಕದಲ್ಲಿ ಬಾಟಲಿ ಇಡುವವರು ಯಾರೂ ಇರಲಾರರು, ಗ್ಯಾಸ್ ಒಲೆಯ ಪಕ್ಕದಲ್ಲಿ ಇಡುವವರು ಮಾತ್ರ ಬೇಕಾದಷ್ಟಿದ್ದಾರೆ.

ವೈನಿನಂತೆ ಸ್ಪಿರಿಟ್ ಬಾಟಲಿಯನ್ನು ಮಲಗಿಸಬಾರದು. ವೈನು ಕಾರ್ಕನ್ನು ತೇವವಾಗಿಡುತ್ತದೆ, ಆದರೆ ವಿಸ್ಕಿ, ರಮ್ಮುಗಳ ತೀಕ್ಷ್ಣ ಮದ್ಯಸಾರ ಅದನ್ನು ತಿಂದು ಪುಡಿಯಾಗಿಸುತ್ತದೆ. ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಕೆಲವು ತಿಂಗಳಿಗೊಮ್ಮೆ ಕ್ಷಣಕಾಲ ಓರೆ ಮಾಡಿ ಕಾರ್ಕ್ ನೆನೆಸಿದರೆ ಸಾಕು.

ಇವೆಲ್ಲಕ್ಕಿಂತ ದೊಡ್ಡ ಶತ್ರು ಬಾಟಲಿಯೊಳಗಿನ ಗಾಳಿ. ತುಂಬಿದ ಬಾಟಲಿ ವರ್ಷಗಟ್ಟಲೆ ಹಾಗೆಯೇ ಇರುತ್ತದೆ, ಕಾಲುಭಾಗಕ್ಕೆ ಇಳಿದದ್ದು ಕೆಲವೇ ತಿಂಗಳಲ್ಲಿ ಸಪ್ಪೆಯಾಗತೊಡಗುತ್ತದೆ. ಅಷ್ಟು ಉಳಿದಾಗ ನಾನು ಅದನ್ನು ತೊಳೆದು ಒಣಗಿಸಿದ 180 ಎಂ.ಎಲ್. ಗಾಜಿನ ಬಾಟಲಿಗೆ ಕತ್ತಿನ ತನಕ ತುಂಬಿ, ಹೆಸರು ಮತ್ತು ತಾರೀಖು ಬರೆದ ಚೀಟಿ ಅಂಟಿಸುತ್ತೇನೆ. ನಮ್ಮ ದೇಶದ ಹಲವು ಬಾಟಲಿಗಳ ಕತ್ತಿನಲ್ಲಿ, ಖಾಲಿಯಾದ ಮೇಲೆ ಯಾರೂ ಕಲಬೆರಕೆ ತುಂಬದಿರಲೆಂದು, ಗೋಲಿ ಇರುವ ಪ್ಲಾಸ್ಟಿಕ್ ತಡೆಯನ್ನು ಕೂರಿಸಿರುತ್ತಾರೆ. ಅದರಿಂದ ಮದ್ಯ ತಡೆತಡೆದು ಸುರಿಯುವುದರಿಂದ ಈ ಕೆಲಸಕ್ಕೆ ತಾಳ್ಮೆ ಬೇಕು. ತುಂಬಿಸುವ ಪುಟ್ಟ ಬಾಟಲಿಯಲ್ಲಂತೂ ಆ ಗೋಲಿ ಇರಲೇಬಾರದು.

ನಿಜವಾಗಿ ಬೇಗ ಕೆಡುವುದು ನಾವು ಲಕ್ಷ್ಯವನ್ನೇ ಕೊಡದ ಬಾಟಲಿಗಳು. ವರ್ಮೂತ್ ಸಾಮಾನ್ಯವಾಗಿ ಶೇ. 18ರ ಆಸುಪಾಸಿನ ಮದ್ಯಸಾರವಿರುವ ವೈನು. ಮುಚ್ಚಳ ತೆಗೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಒಂದೆರಡು ತಿಂಗಳೊಳಗೆ ಮುಗಿಸಬೇಕು. ಕಪಾಟಿನಲ್ಲಿ ಒಂದು ವರ್ಷ ನಿಂತ ವರ್ಮೂತನ್ನು ಜಿನ್ನಿಗೆ ಬೆರೆಸಿ ಮಾರ್ಟಿನಿ ಮಾಡಿ, ಜಿನ್ ಚೆನ್ನಾಗಿಲ್ಲ ಎಂದು ದೂರುವುದು ಅನ್ಯಾಯ. ಬೇಲೀಸ್‌ನಂತಹ ಕ್ರೀಮ್ ಲಿಕ್ಯೂರಿನಲ್ಲಿ (ಸಿಹಿ ಬೆರೆಸಿದ ಮದ್ಯ) ಶೇ. 17ರಷ್ಟು ಮದ್ಯಸಾರದ ಜೊತೆ ಹಾಲಿನ ಕೆನೆಯೂ ಇರುತ್ತದೆ. 25 ಡಿಗ್ರಿಗಿಂತ ಕೆಳಗಿಟ್ಟರೆ, ತೆರೆದಿರಲಿ ಬಿಡಲಿ, ತಯಾರಾದಂದಿನಿಂದ ಎರಡು ವರ್ಷ ರುಚಿ ಕೆಡದು ಎಂಬುದು ತಯಾರಕರ ಮಾತು. ಆದರೆ ಏಪ್ರಿಲ್ ಮಧ್ಯಾಹ್ನದ ಬೆಂಗಳೂರಿನಲ್ಲೂ 25 ಡಿಗ್ರಿ ಎಂಬುದು ಕನಸು, ಆದ್ದರಿಂದ ಅದರ ಜಾಗ ಫ್ರಿಜ್ಜೇ. ಹುಳಿ ವಾಸನೆ ಬಂದರೆ ಅಥವಾ ಗಂಟುಗಟ್ಟಿದ್ದರೆ ಮರುಮಾತಿಲ್ಲದೆ ಚೆಲ್ಲಬೇಕು. ಕಿತ್ತಳೆ ಪರಿಮಳದ ಕ್ವಾಂತ್ರೋದಂತಹ ಶೇ. 40ರ ಲಿಕ್ಯೂರುಗಳಿಗೆ ಈ ಭಯವಿಲ್ಲ, ಆದರೆ ಮುಚ್ಚಳದ ಸುತ್ತುಗಳಲ್ಲಿ ಸಕ್ಕರೆ ಹರಳುಗಟ್ಟಿ ಅದು ಸರಿಯಾಗಿ ಕೂರುವುದಿಲ್ಲ. ಪ್ರತಿಸಲ ಸುರಿದ ಮೇಲೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕತ್ತನ್ನು ಒರೆಸಿದರೆ ಆ ತೊಂದರೆ ತಪ್ಪುತ್ತದೆ.

ಫ್ರೀಜರಿನ ವಿಷಯವೂ ಇಷ್ಟೇ ಸರಳ. ಶೇ. 40ರ ವೋಡ್ಕಾ ಹೆಪ್ಪುಗಟ್ಟುವುದು ಸುಮಾರು ಮೈನಸ್ 27 ಡಿಗ್ರಿಯಲ್ಲಿ. ಮನೆಯ ಫ್ರೀಜರು ಮೈನಸ್ 18ರಲ್ಲಿರುವುದರಿಂದ ಅದು ಮಂದವಾಗುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಒಳ್ಳೆಯ ಜಿನ್ನನ್ನು ಹಾಗೆ ಇಡಬಾರದೆಂದು ನನ್ನ ಅಭಿಪ್ರಾಯ, ಏಕೆಂದರೆ ಅಷ್ಟು ಚಳಿಯಲ್ಲಿ ಅದರ ಪರಿಮಳವೇ ಮೇಲೇಳುವುದಿಲ್ಲ. ಕೆಲವು ವಿಸ್ಕಿಗಳು ತಂಪಿಗೆ ಮಬ್ಬಾಗುವುದುಂಟು. ಅದು ದೋಷವಲ್ಲ, ಬೆಚ್ಚಗಾದರೆ ಮತ್ತೆ ತಿಳಿಯಾಗುತ್ತದೆ.

ಸೀಸ ಬೆರೆತ ಹಳೆಯ ಕ್ರಿಸ್ಟಲ್ ಹೂಜಿಗಳು ನೋಡಲು ಚೆಂದ, ಆದರೆ ಸೀಸ ನಿಧಾನವಾಗಿ ಮದ್ಯಕ್ಕೆ ಇಳಿಯುತ್ತದೆ. ಅತಿಥಿಗಳು ಬಂದ ಸಂಜೆಗೆ ಬಳಸಿ, ಉಳಿದದ್ದನ್ನು ಅದೇ ರಾತ್ರಿ ಬಾಟಲಿಗೆ ಮರಳಿಸಬೇಕು. ಮಕ್ಕಳಿರುವ ಮನೆಯಲ್ಲಿ ಬೀರುವಿಗೆ ಬೀಗವಂತೂ ಇರಲೇಬೇಕು. ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಮದ್ಯದ ಪ್ರಮಾಣಕ್ಕೆ ಅಬಕಾರಿ ನಿಯಮಗಳ ಮಿತಿಯೂ ಇದೆ. ಸಂಗ್ರಹ ಬೆಳೆಯುತ್ತಿದ್ದರೆ ಆ ಮಿತಿಯನ್ನು ಇಲಾಖೆಯಲ್ಲಿ ವಿಚಾರಿಸಿ, ಕೊಂಡ ಬಿಲ್ಲುಗಳನ್ನು ಅದೇ ಬೀರುವಿನಲ್ಲಿ ಜೋಪಾನವಾಗಿಡುವುದು ಒಳ್ಳೆಯದು.